ಕಾನಾ ಊರಿನ ಹನ್ನೊಂದು ಪ್ರಮಾಣಪತ್ರಗಳು

ಗಂಡ ಹೆಂಡತಿ ಜೊತೆಯಾಗಿ ಮಾಡುವ ಕುಟುಂಬ ಸೇವೆಯೇ ಅವರಿಬ್ಬರ ನಡುವಿನ ಮಾತನ್ನು ಒಣಗಿಸಿಬಿಟ್ಟ ಪ್ರಕರಣಗಳು ಕೆಲವು ವರ್ಷಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲಿ ಒಂದನ್ನು, ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಕೊಟ್ಟ ಸಲಹೆಯಿಂದ ಒಳ್ಳೆಯದೊಂದು ಸೇವೆ ನಿಂತುಹೋಯಿತೆಂದು ಆ ದಂಪತಿಯ ಸಭೆಯ, ಅಂದರೆ ಚರ್ಚಿನ, ಹಿರಿಯರು ಬೇಸರಗೊಂಡಿದ್ದಾರೆ. ಅವರಿಗೆ ನಾನು ಉತ್ತರ ಹೇಳಬೇಕಾಗಿದೆ.

ಇಬ್ಬರೂ ಐವತ್ತು ದಾಟಿದವರು, ಕರ್ನಾಟಕದ ಒಂದು ಪ್ರೊಟೆಸ್ಟೆಂಟ್ ಸಭೆಯವರು, ಮಕ್ಕಳನ್ನು ಓದಿಸಿ ದಡ ಸೇರಿಸಿದವರು. ವಿವಾಹಿತರ ಗುಂಪುಗಳನ್ನು ಜೋರ್ಡಾನ್, ಇಸ್ರೇಲ್ ಮತ್ತು ಈಜಿಪ್ಟ್ ದೇಶಗಳಿಗೆ ಕರೆದುಕೊಂಡು ಹೋಗಿ, ಬೈಬಲ್‌ನಲ್ಲಿ ಬರುವ ಸ್ಥಳಗಳಲ್ಲಿ ನಿಲ್ಲಿಸಿ, ದಾಂಪತ್ಯದ ಬಗ್ಗೆ ಬೋಧಿಸುವುದು ಅವರ ಸೇವೆ. ಬೇತ್ಲೆಹೇಮಿನ ಪಕ್ಕದ ಬೇತ್ ಸಾಹೂರಿನಲ್ಲಿ ಹೊಲಗಳನ್ನು ತೋರಿಸುತ್ತ, ಅಂತಹ ಹೊಲದಲ್ಲಿ ಭೇಟಿಯಾಗಿ ಮದುವೆಯಾದ ರೂತಳ ಮತ್ತು ಬೋವಜನ ವಿಷಯ ಹೇಳುವರು. ಗಲಿಲಾಯ ಸಮುದ್ರದ ದೋಣಿಯಲ್ಲಿ ಸಂಸಾರದ ಬಿರುಗಾಳಿಗಳ ವಿಷಯ. ಯೇಸು ಮದುವೆಯ ಊಟದಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದನೆಂದು ಯೋಹಾನನ ಸುವಾರ್ತೆ ಹೇಳುವ ಕಾನಾ ಊರಿನಲ್ಲಿ ಎಲ್ಲ ದಂಪತಿಗಳಿಂದ ವಿವಾಹ ಪ್ರತಿಜ್ಞೆಯನ್ನು ಮತ್ತೊಮ್ಮೆ ಮಾಡಿಸುವರು. ಹೀಗೆ 11 ಸಲ ಹೋಗಿ ಬಂದಿದ್ದರು. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದಾಗ, ಮುಂಗಡ ಕಟ್ಟಿದ್ದವರಿಗೆಲ್ಲ ಹಣ ಹಿಂದಿರುಗಿಸಿ ಮನೆಯಲ್ಲಿ ಉಳಿಯಬೇಕಾಯಿತು. ಐದು ತಿಂಗಳ ನಂತರ ಅವರು ನನ್ನ ಬಳಿಗೆ ಬಂದರು.

ಕರೆತಂದವರು ಪತಿ. ಯಾತ್ರೆ ನಿಂತದ್ದರಿಂದ ಪತ್ನಿ ಮಂಕಾಗಿದ್ದಾರೆ, ಪ್ರಾರ್ಥನೆಗೂ ಕೂರುವುದಿಲ್ಲ, ಇದು ಖಿನ್ನತೆಯೇ ಇರಬೇಕು ಎಂಬುದು ಅವರ ಎಣಿಕೆಯಾಗಿತ್ತು. ಅಂತಹ ಸಂದೇಹವಿದ್ದಾಗ ಮೊದಲು ವೈದ್ಯರಿಗೆ ತೋರಿಸದೆ ನಾನು ಮುಂದುವರಿಯುವುದಿಲ್ಲ. ಔಷಧಿಯ ಅಗತ್ಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ನಮ್ಮ ಮಾತುಕತೆ ಶುರುವಾಯಿತು. ಮೊದಲ ಎರಡು ಭೇಟಿಗಳಲ್ಲಿ ಪತಿಯೇ ಮಾತನಾಡಿದರು. ಆಕೆಯನ್ನು ಕೇಳಿದ ಪ್ರಶ್ನೆಗಳಿಗೂ ಅವರೇ ಉತ್ತರ ಕೊಡುತ್ತಿದ್ದರು, ಆಕೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆ ನೂರಾರು ಜನರ ಮುಂದೆ ಪಳಗಿದ್ದೆಂದು ನನಗೆ ಆಗ ಹೊಳೆಯಲಿಲ್ಲ.

ಮೂರನೆಯ ಭೇಟಿಗೆ ಆಕೆ ಒಂದು ಪ್ಲಾಸ್ಟಿಕ್ ಫೈಲು ತಂದಿದ್ದರು. ಕುಳಿತ ಕೂಡಲೇ ಅದರಿಂದ ಒಂದೊಂದೇ ಹಾಳೆ ತೆಗೆದು ಮೇಜಿನ ಮೇಲೆ, ಇಸ್ಪೀಟಿನ ಎಲೆ ಹರಡಿದಂತೆ, ಸಾಲಾಗಿ ಇಟ್ಟರು. ಕಾನಾ ಊರಿನಲ್ಲಿ ಪ್ರತಿಜ್ಞೆ ನವೀಕರಿಸಿದ ದಂಪತಿಗಳು ನೆನಪಿಗೆ ತರುವ ಪ್ರಮಾಣಪತ್ರಗಳು ಅವು. ದಂಪತಿಯ ಹೆಸರಿಗೂ ದಿನಾಂಕಕ್ಕೂ ಖಾಲಿ ಬಿಟ್ಟ ಗೆರೆಗಳಲ್ಲಿ 11 ಹಾಳೆಗಳಲ್ಲೂ ಒಂದೇ ಕೈಬರಹವಿತ್ತು. ಕೆಲವು ಹಾಳೆಗಳಲ್ಲಿ ಅಕ್ಷರಗಳು ನಡುಗಿ ಗೆರೆಯಿಂದ ಕೆಳಗೆ ಜಾರಿದ್ದವು.

"ಇವು ನಡುಗಿರುವುದು ಯಾಕೆ ಗೊತ್ತಾ ಅಕ್ಕಾ? ಬಸ್ಸಿನಲ್ಲಿ ಬರೆದದ್ದು. ಊರು ಮುಟ್ಟುವುದಕ್ಕೆ ಮೊದಲೇ ಇವರು ನಮ್ಮದನ್ನು ತುಂಬಿ ಇಟ್ಟಿರುತ್ತಾರೆ. ಅಲ್ಲಿ ಬೇರೆಯವರದನ್ನು ಬರೆದುಕೊಡುವ ಗಡಿಬಿಡಿ ಇರುತ್ತದೆ ಅಂತ. 11 ಸಲ ಇವರು ನನ್ನನ್ನು ಮದುವೆ ಆಗಿದ್ದಾರೆ. ಒಂದು ಸಲವೂ ನನ್ನನ್ನು ಕೇಳಿಲ್ಲ."

ಪತಿ ನಕ್ಕರು. ನಗುವ ಮಾತೆಂದೇ ಅವರು ಭಾವಿಸಿದ್ದರು. ಆಕೆ ನಗಲಿಲ್ಲ.

ಆ ಊರನ್ನು ನಾನೂ ನೋಡಿದ್ದೇನೆ. ನಜರೇತಿನಿಂದ ಸುಮಾರು 7 ಕಿ.ಮೀ. ದೂರದ ಕಫ್ರ್ ಕನ್ನ ಅದು. ಇಕ್ಕಟ್ಟಾದ ಬೀದಿಯಲ್ಲಿ ಸಿಹಿ ದ್ರಾಕ್ಷಾರಸ, ದಾಳಿಂಬೆಯ ರಸ ಮಾರುವ ಅಂಗಡಿಗಳ ನಡುವೆ ನಡೆದರೆ ಫ್ರಾನ್ಸಿಸ್ಕನ್ನರ ವಿವಾಹ ದೇವಾಲಯ ಸಿಗುತ್ತದೆ. ಅದರ ಕೆಳಭಾಗದಲ್ಲಿ ಕಲ್ಲಿನ ಬಾನೆಯೊಂದನ್ನು ಇಟ್ಟಿದ್ದಾರೆ. ಹೊರಗೆ ಒಂದು ಗುಂಪು ಕಾಯುತ್ತಿರುವಾಗ ಒಳಗಿನ ಗುಂಪು ಬೇಗ ಮುಗಿಸಬೇಕು. ಯೋಹಾನನು ಬರೆದ ಕಾನಾ ಇದೇ ಎಂದು ಎಲ್ಲರೂ ಒಪ್ಪುವುದಿಲ್ಲ. ಅಲ್ಲಿಂದ ಕೆಲವು ಕಿಲೋಮೀಟರ್ ಉತ್ತರಕ್ಕಿರುವ ಖಿರ್ಬೆತ್ ಕಾನಾ ಎಂಬ ಹಾಳು ಗುಡ್ಡವೇ ಅದೆಂದು ವಾದಿಸುವ ಪುರಾತತ್ವ ತಜ್ಞರಿದ್ದಾರೆ. ಸ್ಥಳದ ಮಹಿಮೆಯನ್ನು ನಾನು ಕಡೆಗಣಿಸುತ್ತಿಲ್ಲ. ಗಲಿಲಾಯದ ನೀರನ್ನು ಮುಟ್ಟಿದ ದಿನ ನನ್ನ ಕಣ್ಣೂ ತುಂಬಿತ್ತು. ಆದರೆ ದೇವರನ್ನು ಆರಾಧಿಸುವುದು ಆ ಬೆಟ್ಟದಲ್ಲಾಗಲಿ ಯೆರೂಸಲೇಮಿನಲ್ಲಾಗಲಿ ಅಲ್ಲ ಎಂದು ಸಮಾರ್ಯದ ಹೆಂಗಸಿಗೆ ಹೇಳಿದ ಕರ್ತನನ್ನು ನಂಬುವ ನಾವು, ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳಬೇಕಾದದ್ದನ್ನು ಸ್ಥಳ ಕೇಳಿಕೊಡುತ್ತದೆಂದು ನಂಬಬಾರದು.

ಪ್ರಮಾಣಪತ್ರಗಳ ನಂತರ ಆಕೆ ದೋಣಿಯ ವಿಷಯಕ್ಕೆ ಬಂದರು. ಯಾತ್ರಿಕರನ್ನು ಹೊತ್ತ ದೋಣಿಗಳು ಸಮುದ್ರದ ಮಧ್ಯಕ್ಕೆ ಹೋದ ಮೇಲೆ ಇಂಜಿನ್ ನಿಲ್ಲಿಸುವುದುಂಟು. ಆ ನಿಶ್ಶಬ್ದದಲ್ಲಿ ಪತಿ ತಮ್ಮ ಸಾಕ್ಷಿ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು, ಹೇಳುತ್ತಿದ್ದರು. ಮದುವೆಯಾದ ಮೂರನೆಯ ವರ್ಷದಲ್ಲಿ ಪತ್ನಿ ಸಿಟ್ಟಿನಿಂದ ಸೂಟ್‌ಕೇಸ್ ಹಿಡಿದು ತವರಿಗೆ ಹೊರಟುಹೋದರು, ತಾವು ಮೂರು ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿದರು, ನಾಲ್ಕನೆಯ ದಿನ ಬೆಳಿಗ್ಗೆ ಆಕೆ ಬಾಗಿಲಲ್ಲಿ ನಿಂತಿದ್ದರು ಎಂಬ ಸಾಕ್ಷಿ. "ಬಾಗಿಲಲ್ಲಿ" ಎಂಬ ಮಾತು ಬಂದಾಗ ಆಕೆ ಎದ್ದು ಅವರ ಪಕ್ಕಕ್ಕೆ ಹೋಗಿ ನಿಲ್ಲಬೇಕು. ಜನ ಅಳುತ್ತಿದ್ದರಂತೆ. ಅವರು ನಿಜವಾಗಿಯೂ ಅತ್ತಿದ್ದಾರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ದೋಣಿಯಿಂದ ಇಳಿದು ಮನಸ್ಸು ಬದಲಿಸಿಕೊಂಡ ದಂಪತಿಗಳನ್ನೂ ನಾನು ಬಲ್ಲೆ.

"ಅಪ್ಪನಿಗೆ ಹುಷಾರಿರಲಿಲ್ಲ, ನೋಡಲು ಹೋಗಿದ್ದೆ," ಎಂದರು ಆಕೆ. "ಸಿಟ್ಟೂ ಇತ್ತೋ ಏನೋ. ಮೊದಲ ಸಲ ಇವರು ಹೇಳಿದಾಗ ಅಪ್ಪನ ವಿಷಯವೂ ಇತ್ತು. ಆಮೇಲೆ ಸಮಯ ಸಾಲುವುದಿಲ್ಲ ಅಂತ ಬಿಟ್ಟರು. ಈಗ ನನಗೇ ನೆನಪಾಗುತ್ತಿಲ್ಲ ಅಕ್ಕಾ. ಸಿಟ್ಟಿನಲ್ಲಿ ಹೋದೆನೋ, ಅಪ್ಪನನ್ನು ನೋಡಲು ಹೋದೆನೋ. ಕಣ್ಣು ಮುಚ್ಚಿದರೆ ದೋಣಿಯೇ ಬರುತ್ತದೆ. ಅಪ್ಪನ ಮುಖ ಬರುವುದಿಲ್ಲ."

ಈ ಮಾತಿನ ನಂತರ ನಾನು ಬಹಳ ಹೊತ್ತು ಏನನ್ನೂ ಕೇಳಲಿಲ್ಲ. ಪದೇ ಪದೇ ಹೇಳಿದ ಕಥೆ ನೆನಪಿನ ಜಾಗವನ್ನು ಹಿಡಿದುಬಿಡುತ್ತದೆಂಬುದು ಆಪ್ತಸಲಹೆಗಾರರೆಲ್ಲರಿಗೂ ಗೊತ್ತಿರುವ ಸಂಗತಿ. ಒಬ್ಬರ ಬದುಕನ್ನು ಇನ್ನೊಬ್ಬರು ಹೇಳಿ ಹೇಳಿ, ಹೇಳಿಸಿಕೊಂಡವರ ನೆನಪೇ ಸವೆದುಹೋಗುವುದನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಪತಿ ಕೆಟ್ಟವರಲ್ಲ. ಅವರಿಗೆ ನೋವಾಗಿತ್ತು; ನೋವಾದಾಗ ಅವರು ಮಾಡುವುದನ್ನೇ ಅಂದೂ ಮಾಡಿದರು, ಬೈಬಲ್‌ನ ವಾಕ್ಯ ತೆಗೆದರು. "ಸಿಸ್ಟರ್, ಪೇತ್ರನೂ ಹೆಂಡತಿಯನ್ನು ಕರೆದುಕೊಂಡೇ ಸೇವೆಗೆ ತಿರುಗಲಿಲ್ಲವೇ? ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಕಪೆರ್ನೌಮಿನಲ್ಲಿ ಅವನ ಮನೆಯ ಮುಂದೆ ನಿಂತು ಪ್ರತಿ ಸಲ ನಾನು ಇದನ್ನು ಹೇಳುತ್ತೇನೆ."

ಪತ್ನಿ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸುತ್ತ ತಲೆಯೆತ್ತದೆ ಕೇಳಿದರು: "ಅವಳ ಹೆಸರೇನು?"

ಅವರಿಗೆ ಹೇಳಲಾಗಲಿಲ್ಲ, ಏಕೆಂದರೆ ಯೇಸುವಿನ ಶಿಷ್ಯನಾದ ಪೇತ್ರನ ಹೆಂಡತಿಯ ಹೆಸರು ಬೈಬಲ್‌ನಲ್ಲಿ ಎಲ್ಲಿಯೂ ಇಲ್ಲ. ಜ್ವರದಿಂದ ಎದ್ದು ಉಪಚಾರ ಮಾಡಿದ ಅವನ ಅತ್ತೆಯ ವಿಷಯವಿದೆ, ಆ ಮನೆಯೆಂದು ನಂಬಲಾದ ಕಲ್ಲಿನ ಗೋಡೆಗಳ ಮೇಲೆ 1990ರಲ್ಲಿ ಕಟ್ಟಿ ಮುಗಿಸಿದ ಎಂಟು ಮೂಲೆಯ ದೇವಾಲಯವಿದೆ, ಅವನೊಡನೆ ತಿರುಗಿದವಳ ಹೆಸರು ಮಾತ್ರ ಇಲ್ಲ. ಆ ಕ್ಷಣದಲ್ಲಿ ಪತಿಯ ಮುಖದಲ್ಲಿ ಏನೋ ಸಡಿಲವಾದದ್ದನ್ನು ನಾನು ಕಂಡೆ. ಅದನ್ನು ಕೈಬಿಡಬಾರದೆಂದು, ಸಾಮಾನ್ಯವಾಗಿ ಆಪ್ತಸಲಹೆಯ ಕೋಣೆಯಲ್ಲಿ ವಾಕ್ಯಕ್ಕೆ ಪ್ರತಿವಾಕ್ಯ ಹೇಳದ ನಾನು, ಅಂದು ಹೇಳಿದೆ. ಪೌಲನು ಆ ಅಧ್ಯಾಯದಲ್ಲಿ ಮಾತನಾಡುತ್ತಿರುವುದು ಹಕ್ಕಿನ ಬಗ್ಗೆ, ಮತ್ತು ತನಗಿರುವ ಹಕ್ಕನ್ನು ತಾನು ಉಪಯೋಗಿಸಲಿಲ್ಲವೆಂದು ಹೇಳುವುದಕ್ಕಾಗಿಯೇ ಆ ಮಾತನ್ನು ಎತ್ತಿದ್ದಾನೆ. ಹೆಂಡತಿಯನ್ನು ಕರೆದೊಯ್ಯುವ ಹಕ್ಕು ನಿಮಗಿದೆಯೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ, ಬರುತ್ತೀಯಾ ಎಂದು ಕೇಳಿದ್ದೀರಾ ಎಂಬುದು.

ಆದಿಕಾಂಡದ 24ನೆಯ ಅಧ್ಯಾಯವನ್ನು ಮನೆಗೆ ಹೋಗಿ ಇಬ್ಬರೂ ಬೇರೆ ಬೇರೆಯಾಗಿ ಓದಿ ಬನ್ನಿ ಎಂದು ಕಳುಹಿಸಿದೆ. ಅಬ್ರಹಾಮನ ಸೇವಕನು ಹತ್ತು ಒಂಟೆಗಳೊಂದಿಗೆ ನಾಹೋರನ ಊರಿಗೆ ಹೋಗಿ ಅಬ್ರಹಾಮನ ಮಗ ಇಸಾಕನಿಗೆ ರೆಬೆಕ್ಕಳೆಂಬ ಹೆಣ್ಣನ್ನು ಕೇಳುವ ಭಾಗವದು. ಇಂದಿನ ತುರ್ಕಿಯ ಆಗ್ನೇಯದಲ್ಲಿರುವ ಹಾರಾನ್ ಸೀಮೆಯ ಸಂಗತಿ. ಈ ದಂಪತಿಯ ಬಸ್ಸು ಎಂದೂ ಹೋಗದ ಕಡೆ. ಅವಳ ಸಹೋದರ ಲಾಬಾನನೂ ತಂದೆ ಬೆತೂವೇಲನೂ ಕರೆದುಕೊಂಡು ಹೋಗು ಎಂದು ಹಿಂದಿನ ರಾತ್ರಿಯೇ ಒಪ್ಪಿಬಿಟ್ಟಿದ್ದರು, ಒಡವೆಗಳನ್ನೂ ಕೊಟ್ಟಾಗಿತ್ತು, ಇದು ಯೆಹೋವನಿಂದಲೇ ಆದ ಕಾರ್ಯವೆಂದು ಎಲ್ಲರೂ ಹೇಳಿಯೂ ಆಗಿತ್ತು. ಆದರೂ ಬೆಳಿಗ್ಗೆ ರೆಬೆಕ್ಕಳನ್ನು ಕರೆದು, ಈ ಮನುಷ್ಯನ ಜೊತೆ ಹೋಗುತ್ತೀಯಾ ಎಂದು ಕೇಳಿದರು. ದೇವರ ಚಿತ್ತವೆಂದು ಖಚಿತವಾದ ಮೇಲೂ ಕೇಳಿದರು. ನಮ್ಮ ಸಭೆಗಳಲ್ಲಿ ಈ ಅಧ್ಯಾಯದಿಂದ ಎಷ್ಟೋ ಮದುವೆಯ ಪ್ರಸಂಗಗಳನ್ನು ಕೇಳಿದ್ದೇನೆ. ಬಾವಿ, ಒಂಟೆ, ಬಳೆಗಳ ಮೇಲೆ ನಿಂತಷ್ಟು ಹೊತ್ತು ಈ ಪ್ರಶ್ನೆಯ ಮೇಲೆ ಯಾರೂ ನಿಂತದ್ದು ನನಗೆ ನೆನಪಿಲ್ಲ.

ಮುಂದಿನ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಒಂದು ವರ್ಷ ಅವರು ತಮ್ಮ ದಾಂಪತ್ಯದ ಯಾವ ಸಾಕ್ಷಿಯನ್ನೂ ಯಾವ ವೇದಿಕೆಯಲ್ಲೂ ಹೇಳಬಾರದು. ಆಮೇಲೆಯೂ, ಮನೆಯೊಳಗಿನ ಸಂಗತಿಯೊಂದನ್ನು ಹೊರಗೆ ಹೇಳಬೇಕಾದರೆ ಮುಂಚಿತವಾಗಿ ಇನ್ನೊಬ್ಬರ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ಕಾರಣ ಕೇಳಬಾರದು. ತವರಿಗೆ ಹೋದ ಆ ದಿನಗಳನ್ನು ಪತ್ನಿ ತಮ್ಮ ಸಹೋದರಿಯರ ಜೊತೆ ಕುಳಿತು ನೆನಪಿಸಿಕೊಳ್ಳಲಿ. ಪತಿ ಅದನ್ನು ಕೇಳಿಸಿಕೊಳ್ಳಲಿ, ತಿದ್ದಬಾರದು. ಮತ್ತೆ ಯಾತ್ರೆ ಹೊರಡುವ ಕಾಲ ಬಂದರೆ ಪತ್ನಿಯನ್ನು ಕೇಳಬೇಕು, ಬರುವುದಿಲ್ಲ ಎಂದರೆ ಅದನ್ನು ಸೈತಾನನ ಅಡ್ಡಿಯೆಂದೋ ಆತ್ಮಿಕ ಬಲಹೀನತೆಯೆಂದೋ ಕರೆಯದೆ ಉತ್ತರವೆಂದೇ ಎಣಿಸಬೇಕು.

ಹಿರಿಯರ ಆಕ್ಷೇಪ ಇರುವುದು ಸಾಕ್ಷಿ ನಿಲ್ಲಿಸಿದ್ದರ ಬಗ್ಗೆ. ದೇವರು ಮಾಡಿದ್ದನ್ನು ಮುಚ್ಚಿಡುವುದು ಸರಿಯೇ ಎಂದು ಒಬ್ಬರು ಫೋನಿನಲ್ಲಿ ಕೇಳಿದರು, ಲೋಕದ ಮನಶ್ಶಾಸ್ತ್ರವನ್ನು ಸಭೆಯೊಳಗೆ ತರುತ್ತಿದ್ದೀರಿ ಎಂದೂ ಹೇಳಿದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ದಾಂಪತ್ಯ ಸೇವೆಗೆ ನಾವೆಲ್ಲರೂ ಮಾದರಿಯಾಗಿ ತೋರಿಸುವ ಅಕ್ವಿಲ ಮತ್ತು ಪ್ರಿಸ್ಕಿಲ್ಲರನ್ನೇ ನೋಡಿ. ಚಕ್ರವರ್ತಿ ಕ್ಲೌದಿಯನ ಅಪ್ಪಣೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದವರು, ಅಲ್ಲಿಂದ ಎಫೆಸಕ್ಕೆ ಹೋದವರು, ನಿಜವಾದ ಅರ್ಥದಲ್ಲಿ ಪಯಣಿಸಿ ಸೇವೆ ಮಾಡಿದ ದಂಪತಿ. ಹೊಸ ಒಡಂಬಡಿಕೆಯಲ್ಲಿ ಅವರ ಹೆಸರು ಆರು ಸಲ ಬರುತ್ತದೆ, ಪ್ರತಿ ಸಲವೂ ಜೊತೆಯಾಗಿ. ಗುಡಾರ ಮಾಡುವ ಅವರ ಕಸುಬು ನಮಗೆ ಗೊತ್ತು, ಅವರ ಮನೆಯಲ್ಲಿ ಸಭೆ ಕೂಡುತ್ತಿದ್ದುದು ಗೊತ್ತು, ಅಪೊಲ್ಲೋಸನೆಂಬ ಬೋಧಕನನ್ನು ಕರೆದು ಇಬ್ಬರೂ ಕೂಡಿ ಉಪದೇಶಿಸಿದ್ದು ಗೊತ್ತು. ಅವರ ದಾಂಪತ್ಯದ ಒಳಗಿನ ಒಂದೇ ಒಂದು ಸಂಗತಿ ನಮಗೆ ಗೊತ್ತಿಲ್ಲ. ಅವರು ಜಗಳವಾಡಿದ್ದರೋ, ಯಾರು ಮೊದಲು ಕ್ಷಮೆ ಕೇಳಿದರೋ, ಯಾರೂ ಬರೆದಿಡಲಿಲ್ಲ. ಅದರಿಂದ ಅವರ ಸೇವೆಗೆ ಏನು ಕೊರತೆಯಾಯಿತು?

ಸಭೆಯವರು ಇನ್ನೊಂದು ವಿಷಯವನ್ನೂ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ದಂಪತಿಯೊಂದನ್ನು ಮಾದರಿಯೆಂದು ಮುಂದೆ ನಿಲ್ಲಿಸಿದ ಮೇಲೆ, ಅವರಿಬ್ಬರಿಗೆ ಕಷ್ಟ ಬಂದರೆ ಹೇಳಿಕೊಳ್ಳಲು ಸ್ಥಳವೇ ಉಳಿಯುವುದಿಲ್ಲ. 11 ಯಾತ್ರೆಗಳಲ್ಲಿ ನೂರಾರು ಹೆಂಗಸರು ಈ ಸಹೋದರಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಾರೆ. ನಿಮಗೆ ಹೇಗಿದೆ ಎಂದು ಅವರಲ್ಲಿ ಯಾರಾದರೂ ಕೇಳಿದ್ದರೇ ಎಂದು ನಾನು ವಿಚಾರಿಸಿದಾಗ, ಆಕೆ ಸ್ವಲ್ಪ ಯೋಚಿಸಿ, ಜೋರ್ಡಾನ್ ಗಡಿಯಲ್ಲಿ ಪಾಸ್‌ಪೋರ್ಟಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ವಯಸ್ಸಾದ ತಾಯಿ, "ನಿನಗೆ ಸುಸ್ತಾಗಿದೆಯಲ್ಲಮ್ಮಾ, ಕೂತುಕೋ" ಎಂದಿದ್ದನ್ನು ಹೇಳಿದರು. ಆ ತಾಯಿಯ ಹೆಸರು, ಊರು, ಉಟ್ಟಿದ್ದ ಸೀರೆಯ ಬಣ್ಣ, ಎಲ್ಲವೂ ಆಕೆಗೆ ನೆನಪಿತ್ತು.

ಮುಂದಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪತಿಗೆ ಸುಮ್ಮನಿರುವುದು ಕಷ್ಟವಾಯಿತು, ಒಮ್ಮೆ ಸಭೆಯಲ್ಲಿ ಬಾಯಿ ತಪ್ಪಿ ದೋಣಿಯ ಸಾಕ್ಷಿ ಶುರುಮಾಡಿ ನಡುವೆಯೇ ನಿಲ್ಲಿಸಿದರಂತೆ. ಪತ್ನಿ ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ಬಂದರು. ತಂದೆ ಕೊನೆಯ ದಿನಗಳಲ್ಲಿ ಮಲಗುತ್ತಿದ್ದ ಕೋಣೆಯ ಕಿಟಕಿ ಯಾವ ಕಡೆಗಿತ್ತು ಎಂಬುದು ನೆನಪಾಯಿತೆಂದು ನನಗೆ ಹೇಳಿದರು. ಆ ಕಿಟಕಿಯ ವಿಷಯವನ್ನು ಪತಿ ಮೊದಲ ಬಾರಿಗೆ ಕೇಳಿದ್ದು ನನ್ನ ಕೋಣೆಯಲ್ಲಿ, ಮದುವೆಯಾದ 29 ವರ್ಷಗಳ ಮೇಲೆ.

ಇತ್ತೀಚೆಗೆ ಪತಿ ಫೋನ್ ಮಾಡಿದ್ದರು. ದಾರಿ ತೆರೆದರೆ ಹೊರಡೋಣವೆಂದು ಕೆಲವು ದಂಪತಿಗಳು ಒತ್ತಾಯಿಸುತ್ತಿದ್ದಾರೆ, ಆದ್ದರಿಂದ ಪತ್ನಿಯನ್ನು ಕೇಳಿದೆ ಎಂದರು. ಹೇಗೆ ಕೇಳಿದಿರಿ ಎಂದೆ. "ಅಡುಗೆಮನೆಯಲ್ಲಿ ನಿಂತು ಕೇಳಿದೆ ಸಿಸ್ಟರ್. ನೀನು ನನ್ನ ಜೊತೆ ಬರುತ್ತೀಯಾ ಅಂತ. ಯೋಚಿಸಿ ಹೇಳುತ್ತೇನೆ ಅಂದಳು. ಮೂರು ವಾರ ಆಯಿತು, ಇನ್ನೂ ಹೇಳಿಲ್ಲ. ಮತ್ತೆ ಕೇಳಲೇ?"

ಬೇಡ, ಕಾಯಿರಿ ಎಂದೆ. ರೆಬೆಕ್ಕಳ ಮನೆಯವರು ಹತ್ತು ದಿನವಾದರೂ ಇರಲಿ ಎಂದು ಕೇಳಿದ್ದರಲ್ಲವೇ, ನನ್ನದು 21 ದಿನವಾಯಿತು ಎಂದರು ಅವರು; ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಯುತ್ತೇನೆ ಎಂದು ಫೋನಿಟ್ಟರು.