ವೆಂಟಿಲೇಟರ್ ಬಿಡಿಸುವ ಮುನ್ನ ಸ್ಕ್ಯಾನಿಂಗ್ ಏಕೆ?

ಪ್ರಶ್ನೆ: ನ್ಯುಮೋನಿಯಾದಿಂದ ಐಸಿಯು ಸೇರಿದ ನಮ್ಮ ತಂದೆಯವರು ಒಂದು ವಾರಕ್ಕೂ ಹೆಚ್ಚು ಕಾಲದಿಂದ ವೆಂಟಿಲೇಟರ್‌ನಲ್ಲಿದ್ದಾರೆ. ಸೋಂಕು ಹತೋಟಿಗೆ ಬಂದಿದೆ, ಕರೆದರೆ ಕಣ್ಣು ತೆರೆಯುತ್ತಾರೆ. ಮೊನ್ನೆ ಯಂತ್ರದ ಆಸರೆಯನ್ನು ತಗ್ಗಿಸಿ ನೋಡಿದಾಗ ಅರ್ಧ ಗಂಟೆಯೊಳಗೆ ಏದುಸಿರು ಬಂದುದರಿಂದ ಮತ್ತೆ ಮೊದಲಿನಂತೆಯೇ ಇರಿಸಿದರು. ಬಳಿಕ ವೈದ್ಯರು ಹಾಸಿಗೆಯ ಬಳಿಗೇ ಸ್ಕ್ಯಾನಿಂಗ್ ಯಂತ್ರ ತಂದು ಎದೆ, ಪಕ್ಕೆಗಳನ್ನು ಪರೀಕ್ಷಿಸಿ, ‘ವಪೆ ದುರ್ಬಲವಾಗಿದೆ, ಇನ್ನೂ ಕೆಲವು ದಿನ ನೋಡೋಣ’ ಎಂದರು. ಹೊಟ್ಟೆಗೆ ಮಾಡುವ ಸ್ಕ್ಯಾನಿಂಗ್‌ನಿಂದ ಉಸಿರಾಟದ ಬಲವೂ ತಿಳಿಯುವುದೇ? ಅದನ್ನು ನಂಬಿ ಕಾಯಬಹುದೇ?

ಉತ್ತರ: ತಿಳಿಯುತ್ತದೆ. ಆದರೆ ವೆಂಟಿಲೇಟರ್‌ನ ಉಸಿರಾಟದ ಕೊಳವೆಯನ್ನು ಯಾವ ದಿನ ತೆಗೆಯಬೇಕೆಂದು ಹೇಳುವುದಕ್ಕಿಂತ, ರೋಗಿಗೆ ಸ್ವಂತವಾಗಿ ಉಸಿರಾಡಲು ಏಕೆ ಆಗುತ್ತಿಲ್ಲ ಎಂಬುದನ್ನು ತೋರಿಸುವುದರಲ್ಲಿ ಈ ಪರೀಕ್ಷೆ ಹೆಚ್ಚು ಉಪಯುಕ್ತ.

ನಾವು ಉಸಿರೆಳೆದುಕೊಳ್ಳುವ ಕೆಲಸದ ಬಹುಪಾಲನ್ನು ಮಾಡುವುದು ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ತೆಳುವಾದ ಸ್ನಾಯು. ಆ ಕೆಲಸವನ್ನು ಯಂತ್ರವೇ ವಹಿಸಿಕೊಂಡಾಗ ವಪೆ ಬಹುಬೇಗ ಸೊರಗುತ್ತದೆ. ಮಿದುಳು ನಿಷ್ಕ್ರಿಯಗೊಂಡ ಅಂಗದಾನಿಗಳ ವಪೆಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೇವಲ 18ರಿಂದ 69 ಗಂಟೆಗಳ ಕಾಲ ಅದು ಕೆಲಸವಿಲ್ಲದೆ ಇದ್ದುದಕ್ಕೇ ಸ್ನಾಯುತಂತುಗಳು ಎದ್ದು ಕಾಣುವಷ್ಟು ಕೃಶವಾಗಿದ್ದವು. ವಾರಕ್ಕೂ ಮೀರಿ ವೆಂಟಿಲೇಟರ್‌ನಲ್ಲಿದ್ದವರಿಗೆ, ಶ್ವಾಸಕೋಶ ಗುಣವಾಗಿದ್ದರೂ ಉಸಿರೆಳೆಯುವ ಶಕ್ತಿ ಸಾಲದೆ ಹೋಗುವುದು ಆಶ್ಚರ್ಯವಲ್ಲ.

ಪರೀಕ್ಷೆಯಲ್ಲಿ ವೈದ್ಯರು ಬಲಪಕ್ಕೆಯ ಕೆಳಭಾಗದಲ್ಲಿ, ಪಕ್ಕೆಲುಬುಗಳ ಸಂದಿನಲ್ಲಿ ಪ್ರೋಬ್ (ಸ್ಕ್ಯಾನಿಂಗ್ ಯಂತ್ರದ ಕೈಹಿಡಿ ಸಾಧನ) ಇಡುತ್ತಾರೆ. ಪರದೆಯ ಮೇಲೆ ಎರಡು ಬಿಳಿ ಗೆರೆಗಳು ಕಾಣುತ್ತವೆ; ಅವುಗಳ ನಡುವಿನ ಕಪ್ಪು ಪಟ್ಟಿಯೇ ವಪೆ. ಉಸಿರು ಬಿಟ್ಟಾಗ ಅದರ ದಪ್ಪ ಸುಮಾರು 2 ಮಿಲಿಮೀಟರ್ ಮಾತ್ರ. ಉಸಿರೆಳೆದಾಗ ಅದು ಸಂಕುಚಿಸಿ ದಪ್ಪಗಾಗುತ್ತದೆ. 2 ಮಿಲಿಮೀಟರ್ ಇದ್ದದ್ದು 2.6 ಆದರೆ ಹೆಚ್ಚಳ ಶೇ 30 ಎಂದು ಲೆಕ್ಕ. ಈ ಹೆಚ್ಚಳ ಶೇ 20ಕ್ಕಿಂತ ಕಡಿಮೆಯಿದ್ದರೆ ವಪೆ ದುರ್ಬಲವಾಗಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಪಕ್ಕೆಗೂಡಿನ ಕೆಳಅಂಚಿನಿಂದ ಮೇಲ್ಮುಖವಾಗಿ ನೋಡಿ, ವಪೆ ಪ್ರತಿ ಉಸಿರಿಗೂ ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆಯುವುದೂ ಉಂಟು. ಅಲ್ಲಿ 1 ಸೆಂಟಿಮೀಟರ್‌ಗಿಂತ ಕಡಿಮೆ ಚಲನೆ ಕಂಡರೆ ಎಚ್ಚರ ವಹಿಸಬೇಕಾಗುತ್ತದೆ. ಇದರಲ್ಲಿ ಬಳಸುವುದು ಶಬ್ದತರಂಗಗಳನ್ನು, ವಿಕಿರಣವನ್ನಲ್ಲ. ಆದ್ದರಿಂದ ದಿನವೂ ಮಾಡಿದರೂ ಭಯಪಡಬೇಕಾದುದಿಲ್ಲ.

ಹಾಗೆಂದು ಏದುಸಿರಿಗೆಲ್ಲ ವಪೆಯೇ ಕಾರಣವೆನ್ನುವಂತಿಲ್ಲ. ವೆಂಟಿಲೇಟರ್ ಗಾಳಿಯನ್ನು ಒತ್ತಡದಿಂದ ಒಳಗೆ ತಳ್ಳುತ್ತಿರುವಷ್ಟು ಕಾಲ ಹೃದಯಕ್ಕೂ ಒಂದು ಬಗೆಯ ನೆರವು ಸಿಗುತ್ತಿರುತ್ತದೆ. ಆ ಒತ್ತಡವನ್ನು ತೆಗೆದೊಡನೆ ಹೃದಯಕ್ಕೆ ಮರಳುವ ರಕ್ತವೂ ಹೆಚ್ಚುತ್ತದೆ, ಎಡ ಹೃತ್ಕುಕ್ಷಿಯ ಮೇಲಿನ ಹೊರೆಯೂ ಹೆಚ್ಚುತ್ತದೆ, ಮೊದಲೇ ದುರ್ಬಲವಾದ ಹೃದಯವಾದರೆ ಅದನ್ನು ತಾಳಲಾರದೆ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಇಂಥ ರೋಗಿಯ ಎದೆಯ ಮೇಲೆ, ಆಸರೆ ತಗ್ಗಿಸಿ ನೋಡುವ ಪರೀಕ್ಷೆಯ ಮೊದಲು ಮತ್ತು ಕೊನೆಯಲ್ಲಿ ಪ್ರೋಬ್ ಇಟ್ಟು ನೋಡಿದರೆ, ಮೊದಲು ಇರದಿದ್ದ, ಆ ನೀರಿನ ಗುರುತಾದ ಬಿಳಿಯ ಲಂಬ ಪಟ್ಟೆಗಳು ಕೊನೆಯಲ್ಲಿ ಮೂಡಿರುವುದು ಕಾಣುತ್ತದೆ. ಹೊರಗಿನಿಂದ ನೋಡುವವರಿಗೆ ವಪೆ ಸೋತವರದೂ ಹೃದಯ ಸೋತವರದೂ ಒಂದೇ ಏದುಸಿರು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಒಬ್ಬರಿಗೆ ಸ್ನಾಯು ಚೇತರಿಸಿಕೊಳ್ಳಲು ಕಾಲಾವಕಾಶ ಬೇಕು, ಇನ್ನೊಬ್ಬರಿಗೆ ಮೂತ್ರವರ್ಧಕ ಔಷಧಿ ಬೇಕು. ಎದೆಗೂಡಿನಲ್ಲಿ ನೀರು ನಿಂತಿದ್ದರೆ ಅದೂ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಇನ್ನು ಸ್ಕ್ಯಾನಿಂಗ್‌ಗೆ ಕಾಣದ ಸಂಗತಿಗಳೂ ಇವೆ: ರೋಗಿ ಬಲವಾಗಿ ಕೆಮ್ಮಿ ಕಫ ಹೊರಹಾಕಬಲ್ಲರೇ, ಎಚ್ಚರ ಸಾಕಷ್ಟಿದೆಯೇ ಎಂಬುದನ್ನು ಹಾಸಿಗೆಯ ಪಕ್ಕ ನಿಂತೇ ಅರಿಯಬೇಕು. ಆಸರೆ ತಗ್ಗಿಸಿ 30 ನಿಮಿಷದಿಂದ 2 ಗಂಟೆಯವರೆಗೆ ಸ್ವಂತ ಉಸಿರಾಟ ನೋಡುವ ಪರೀಕ್ಷೆಯೇ ಇಂದಿಗೂ ಮುಖ್ಯ. ಅದರಲ್ಲಿ ತೇರ್ಗಡೆಯಾದವರಲ್ಲೂ ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಜನರಿಗೆ ಮತ್ತೆ ಕೊಳವೆ ಹಾಕಬೇಕಾಗುತ್ತದೆ, ಮತ್ತು ಹಾಗೆ ಎರಡನೆಯ ಸಲ ಹಾಕಿಸಿಕೊಂಡವರ ಚೇತರಿಕೆ ಕಷ್ಟವಾಗುತ್ತದೆ. ನಿಮ್ಮ ವೈದ್ಯರ ಎಚ್ಚರಿಕೆಗೆ ಇದೇ ಕಾರಣವಿರಬೇಕು.

ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ವೆಂಟಿಲೇಟರ್‌ನಲ್ಲಿ ಕಳೆಯುವ ಪ್ರತಿ ದಿನವೂ ಹೊಸ ಸೋಂಕಿಗೆ ಅವಕಾಶ ಕೊಡುತ್ತದೆ. ಆದ್ದರಿಂದ ‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆಯ ಬದಲು, ನಿದ್ರೆ ಬರಿಸುವ ಔಷಧಿಯನ್ನು ತಗ್ಗಿಸಿದ್ದಾರೆಯೇ, ವಪೆಗೂ ಸ್ವಲ್ಪ ಕೆಲಸ ಸಿಗುವಂತೆ ಯಂತ್ರವನ್ನು ಹೊಂದಿಸಿದ್ದಾರೆಯೇ, ಪೋಷಣೆ ಮತ್ತು ಫಿಸಿಯೋಥೆರಪಿ ಸರಿಯಾಗಿ ನಡೆಯುತ್ತಿವೆಯೇ ಎಂದು ವಿಚಾರಿಸಿ. ಮುಂದಿನ ಪ್ರಯತ್ನವನ್ನು ದಿನವೂ ಪರಿಶೀಲಿಸುತ್ತಿದ್ದಾರೆಯೇ ಎಂದು ಕೇಳುವ ಹಕ್ಕೂ ನಿಮಗಿದೆ.

ಪ್ರಶ್ನೆ: ನಾನು ಐಸಿಯುನಲ್ಲಿ ಶುಶ್ರೂಷಕಿ. ಒಬ್ಬ ರೋಗಿಯ ವಪೆಯ ಅಳತೆ ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕಳಪೆಯಾಗಿತ್ತು. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಅಳತೆಗಳ ಹೊತ್ತಿನಲ್ಲಿ ಯಂತ್ರದ ಆಸರೆ ಎಷ್ಟಿತ್ತು ಎಂಬುದನ್ನು ಮೊದಲು ನೋಡಿ. ಆಸರೆ ಹೆಚ್ಚಿದ್ದಾಗ ಗಾಳಿಯ ಒತ್ತಡವೇ ವಪೆಯನ್ನು ಕೆಳಗೆ ದೂಡುವುದರಿಂದ, ಸ್ನಾಯು ದುಡಿಯದಿದ್ದರೂ ಚಲನೆ ಚೆನ್ನಾಗಿರುವಂತೆ ತೋರುತ್ತದೆ. ಚಲನೆಯನ್ನು ಸ್ವಂತ ಉಸಿರಾಟದ ಪರೀಕ್ಷೆ ನಡೆಯುವಾಗಲೇ ಅಳೆಯಬೇಕು. ದಪ್ಪದ ಅಳತೆಯಲ್ಲಾದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಆಚೀಚೆಯಾದರೂ ಶೇಕಡಾವಾರು ಲೆಕ್ಕ ಬದಲಾಗುತ್ತದೆ. ಪ್ರೋಬ್ ಇಟ್ಟ ಜಾಗಕ್ಕೆ ಚರ್ಮದ ಮೇಲೆ ಗುರುತು ಹಾಕಿ, ಹಲವು ಉಸಿರುಗಳ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು. ಎಡಭಾಗದಲ್ಲಿ ಚಿತ್ರ ಸ್ಪಷ್ಟವಾಗಿ ಸಿಗುವುದು ಕಷ್ಟ. ಬಲಭಾಗದಲ್ಲಿ ಯಕೃತ್ತು ಇರುವುದರಿಂದ ಸುಲಭ.

ಉಸಿರಾಟದ ವೇಗವನ್ನು (ನಿಮಿಷಕ್ಕೆ ಎಷ್ಟು ಉಸಿರು) ಪ್ರತಿ ಉಸಿರಿನ ಗಾತ್ರದಿಂದ (ಲೀಟರ್‌ಗಳಲ್ಲಿ) ಭಾಗಿಸಿ, 105ಕ್ಕಿಂತ ಕಡಿಮೆ ಬಂದರೆ ಸಮಾಧಾನಕರವೆನ್ನುವ, 1991ರಿಂದ ರೂಢಿಯಲ್ಲಿರುವ ಸೂಚ್ಯಂಕವೂ ಕೆಲವೊಮ್ಮೆ ಮೋಸ ಮಾಡುತ್ತದೆ: ವಪೆ ಸೋತಿದ್ದರೂ ಕುತ್ತಿಗೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಆ ಭಾರ ಹೊತ್ತು ಅಂಕಿಯನ್ನು ಚೆನ್ನಾಗಿಯೇ ತೋರಿಸುತ್ತಿರಬಹುದು. ಎದೆಮೂಳೆಯ ಪಕ್ಕದ ಪಕ್ಕೆಲುಬಿನ ಸ್ನಾಯು ಪ್ರತಿ ಉಸಿರಿಗೂ ದಪ್ಪಗಾಗುತ್ತಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡರೆ, ಸೂಚ್ಯಂಕ ಚೆನ್ನಾಗಿದ್ದರೂ ಕೊಳವೆ ತೆಗೆಯುವ ಮೊದಲು ವೈದ್ಯರ ಗಮನಕ್ಕೆ ತನ್ನಿ.