ಯೂನಿವರ್ಸಿಟಿ ಕೌನ್ಸೆಲರ್ ಹತ್ತಿರ ಹೋದರೆ ಏನು ಮಾಡುತ್ತಾರೆ?

ಕೌನ್ಸೆಲರ್ ಏನು ಓದಿರುತ್ತಾರೆ, ಒಳಗೆ ಕೂರಿಸಿಕೊಂಡು ಏನು ಮಾಡುತ್ತಾರೆ, ಮನೆಗೆ ಹೇಳಿಬಿಡುತ್ತಾರಾ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿದ್ದೇನೆ. ಎಲ್ಲರ ಪರವಾಗಿ ಹೇಳಲಾರೆ, ನನ್ನದನ್ನು ಹೇಳುತ್ತೇನೆ.

ಓದಿದ್ದು ಮೈಸೂರಿನಲ್ಲಿ, ಸೈಕಾಲಜಿ ಎಂ.ಎಸ್ಸಿ. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಶುರುವಾದ ಹಳೇ ವಿಭಾಗ ಅದು. (ಅಲ್ಲಿ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರುಮಾಡಿದ್ದು. ಕೇಳಿಸಿಕೊಳ್ಳಬೇಕಾದವರು ಊರಿಗೆಲ್ಲ ಕೇಳಿಸೋಕೆ ಹೊರಟರು ಅಂತ ನಾವು ನಗುತ್ತಿದ್ದೆವು.) ನಾನು ಡಾಕ್ಟರಲ್ಲ, ಮಾತ್ರೆ ಬರೆದುಕೊಡುವಂತಿಲ್ಲ. ಬೇಕು ಅನ್ನಿಸಿದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ.

ಪುಸ್ತಕದ ಲೆಕ್ಕದಲ್ಲಿ ನನ್ನ ದಾರಿ ಅರ್ಧ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಅವರದು, ಅರ್ಧ ಸೈಕಿಯಾಟ್ರಿಸ್ಟ್ ಏರಾನ್ ಬೆಕ್ ಅವರ ಸಿಬಿಟಿ (ಯೋಚನೆ, ನಡವಳಿಕೆ ಎರಡನ್ನೂ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ). ಅಂದರೆ ಮೊದಲು ತಪ್ಪು ಸರಿ ಅನ್ನದೆ ಕೇಳುವುದು. ಆಮೇಲೆ ತಟ್ಟನೆ ತಲೆಗೆ ಬರುವ ಯೋಚನೆಯನ್ನು ಹಿಡಿದು, ಇದು ನಿಜವಾ ಅಂತ ಇಬ್ಬರೂ ಸೇರಿ ನೋಡುವುದು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಹತ್ತು ನಿಮಿಷ ‘ಆಂಗ್ಸೈಟಿ’, ‘ಟ್ರಿಗರ್’ ಅಂತ ಇಂಗ್ಲಿಷಿನಲ್ಲಿ ಹೇಳಿದ. ರೀಲ್ಸ್ ನೋಡಿ ಬಾಯಿಪಾಠ ಮಾಡಿದ ಹಾಗಿತ್ತು. “ಇದನ್ನೇ ಅಮ್ಮಂಗೆ ಹೇಳೋದಾದ್ರೆ ಹೆಂಗೆ ಹೇಳ್ತೀಯಾ?” ಅಂದೆ. ಸುಮ್ಮನಾದ. ನಾನೂ ಸುಮ್ನೆ ಕೂತೆ.

“ಹೊಟ್ಟೆ ಕಿವುಚಿದಂಗಾಗತ್ತೆ ಸರ್. ಅಪ್ಪನ ಫೋನ್ ಬಂದಾಗೆಲ್ಲ.”

ಕೆಲಸ ಶುರುವಾಗಿದ್ದು ಅಲ್ಲಿಂದ. ಎರಡು ಸಬ್ಜೆಕ್ಟ್ ಉಳಿದಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಸಿದೆ. ‘ಗೊತ್ತಾದರೆ ಅಪ್ಪ ಮಾತು ಬಿಡುತ್ತಾರೆ.’ ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ಏನಂದಿದ್ದರು ಅಂತ ಕೇಳಿದೆ. ಯೋಚಿಸಿ, “ಊಟ ಮಾಡು ಅಂದ್ರು” ಅಂದ. ಅವನಿಗೇ ನಗು ಬಂತು. ಆದರೂ ಫೋನಿನಲ್ಲಿ ಹೇಳೋಕೆ ಇನ್ನೂ ಮೂರು ವಾರ ಬೇಕಾಯಿತು. ನಾನು ಅವಸರ ಮಾಡಲಿಲ್ಲ. ಬುದ್ಧಿ ಹೇಳುವವರು ಮನೆಯಲ್ಲೇ ಜಾಸ್ತಿ ಇರುತ್ತಾರೆ, ಅಲ್ವಾ?

ಮನೆಗೆ ಹೇಳುವುದಿಲ್ಲ. ಜೀವಕ್ಕೇ ಅಪಾಯ ಅನ್ನಿಸಿದಾಗ ಮಾತ್ರ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತೇನೆ. ಇದನ್ನು ಮೊದಲ ದಿನವೇ ಹೇಳಿರುತ್ತೇನೆ. ನಿಮ್ಮ ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರವೂ ಮೊದಲು ಇದನ್ನೇ ಕೇಳಿ. ರಾತ್ರಿ ಎರಡು ಗಂಟೆಗೆ ನಮ್ಮ ಬಾಗಿಲು ತೆರೆದಿರುವುದಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.