ಆ 48 ಗಂಟೆ ಎಲ್ಲಿ ಹೋಯಿತು?

ನಮಸ್ಕಾರ,

ವಿಕಿರಣದಂಥವುಗಳಿಂದ ವರ್ಣತಂತುಗಳಿಗೆ (ಕೋಶಕೇಂದ್ರದೊಳಗಿನ ಡಿಎನ್‌ಎ ಎಳೆಗಳಿಗೆ) ಆದ ಹಾನಿಯನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಯ ಬಗ್ಗೆ ನೀವು ಕಳಿಸಿದ ‘ರಕ್ತ ಹೇಳಿದ ಗುಟ್ಟು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದ ಪತ್ರ.

ಮೊದಲ ಸಾಲಿನಿಂದಲೇ ಶುರು ಮಾಡುತ್ತೇನೆ. ‘ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು, ಕೆಂಪು ಕಣಗಳೊಳಗೆ ಮುರಿದ ವರ್ಣತಂತುಗಳು ಕಾಣುತ್ತವೆ’ ಅಂತ ಬರೆದಿದ್ದೀರಿ. ಕೇಳಲು ಚೆನ್ನಾಗಿದೆ, ಆದರೆ ಒಂದೇ ಸಾಲಿನಲ್ಲಿ ಎರಡು ತಪ್ಪು. ಮನುಷ್ಯರ ಕೆಂಪು ಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಡುತ್ತದೆ. ಅಲ್ಲಿ ವರ್ಣತಂತುವೇ ಇಲ್ಲ, ಮುರಿಯುವುದೆಲ್ಲಿಂದ? ನೋಡುವುದು ಬಿಳಿ ಕಣಗಳನ್ನು, ಅದರಲ್ಲೂ ಲಿಂಫೋಸೈಟ್‌ಗಳನ್ನು. ಎರಡನೆಯ ತಪ್ಪು ಆ ‘ಸಾಕು’. ರಕ್ತದಲ್ಲಿ ತಿರುಗಾಡುವ ಲಿಂಫೋಸೈಟ್‌ಗಳಲ್ಲಿ ಹೆಚ್ಚಿನವು ನಿದ್ದೆಯಲ್ಲಿರುತ್ತವೆ. ಆಗ ವರ್ಣತಂತುಗಳು ಸಿಕ್ಕುಬಿದ್ದ ನೂಲಿನ ಹಾಗೆ. ಯಾವ ಎಳೆ ಎಲ್ಲಿ ತುಂಡಾಗಿದೆ ಅಂತ ಯಾರಿಗೂ ಕಾಣದು. ಕೋಶ ಎರಡಾಗಲು ಹೊರಟಾಗ ಮಾತ್ರ ಅವು ಗಿಡ್ಡ ದಪ್ಪವಾಗಿ ಎಣಿಕೆಗೆ ಸಿಗುತ್ತವೆ.

ಅಂದರೆ ಕೋಶವನ್ನು ಎಬ್ಬಿಸಬೇಕು. ನಿಮ್ಮ ಕಥೆ ಇರುವುದೇ ಇಲ್ಲಿ. ನೀವೋ ಅದನ್ನು ‘ಸೂಕ್ತ ರಾಸಾಯನಿಕ ಪ್ರಕ್ರಿಯೆಗೆ ಒಳಪಡಿಸಿದ ನಂತರ’ ಅಂತ ಒಂದೇ ಉಸಿರಿನಲ್ಲಿ ದಾಟಿಬಿಟ್ಟಿದ್ದೀರಿ!

ಎಬ್ಬಿಸುವ ವಸ್ತು ಯಾವುದು ಗೊತ್ತಾ? ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಫೈಟೊಹೆಮಗ್ಲುಟಿನಿನ್. ಮೊದಲು ಅದನ್ನು ಬಳಸುತ್ತಿದ್ದದ್ದು ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇರೆ ಮಾಡಲು. ಅದು ಲಿಂಫೋಸೈಟನ್ನು ವಿಭಜನೆಗೆ ತಳ್ಳುತ್ತದೆ ಎಂದು ವಿಜ್ಞಾನಿ ಪೀಟರ್ ನೋವೆಲ್ 1960ರಲ್ಲಿ ತೋರಿಸಿದರು. ಇನ್ನೊಂದು ಕಥೆ ಇನ್ನೂ ಚೆನ್ನಾಗಿದೆ. ವಿಜ್ಞಾನಿ ಟಿ. ಸಿ. ಶು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಯಾರೋ ಉಪ್ಪಿನ ದ್ರಾವಣವನ್ನು ತಪ್ಪಾಗಿ, ತೆಳ್ಳಗೆ ಕಲಸಿದ್ದರು. ಕೋಶಗಳು ನೀರು ಕುಡಿದು ಉಬ್ಬಿದವು. ಒಂದರ ಮೇಲೊಂದು ಬಿದ್ದಿರುತ್ತಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಇದನ್ನು ಅವರು ಪ್ರಕಟಿಸಿದ್ದು 1952ರಲ್ಲಿ. ಇಂದಿಗೂ ಕೋಶಗಳನ್ನು ಬೇಕೆಂದೇ ತೆಳು ದ್ರಾವಣದಲ್ಲಿ ಉಬ್ಬಿಸುತ್ತಾರೆ. ಇಂಥದ್ದನ್ನು ಬಿಟ್ಟು ಯಾರಾದರೂ ಲೇಖನ ಬರೆಯುತ್ತಾರಾ?

ಇನ್ನು ಕಾಯುವ ಸಮಯ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 48 ಗಂಟೆ. ಕೊನೆಯ ಕೆಲವು ಗಂಟೆ ಕೋಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ವಿಭಜನೆಯನ್ನು ನಡುದಾರಿಯಲ್ಲಿ ನಿಲ್ಲಿಸುತ್ತಾರೆ. 48 ಏಕೆ, ಇನ್ನೂ ಜಾಸ್ತಿ ಏಕಲ್ಲ? ಹುಡುಕುವುದು ಮುಖ್ಯವಾಗಿ ಡೈಸೆಂಟ್ರಿಕ್ ಅನ್ನು. ಮುರಿದ ಎರಡು ವರ್ಣತಂತುಗಳು ತಪ್ಪಾಗಿ ಬೆಸೆದುಕೊಂಡು ಎರಡು ಸೊಂಟ (ಸೆಂಟ್ರೋಮಿಯರ್, ವಿಭಜನೆಯಲ್ಲಿ ವರ್ಣತಂತುವನ್ನು ಹಿಡಿದೆಳೆಯುವ ಜಾಗ) ಬಂದ ರೂಪ ಅದು. ವಿಭಜನೆ ಮುಂದುವರಿದರೆ ಆ ಎರಡು ಸೊಂಟಗಳನ್ನು ಎರಡು ಕಡೆಗೆ ಎಳೆದು ಹರಿಯುವುದುಂಟು, ಅಂಥ ಕೋಶಗಳು ಸಾಯುವುದೂ ಉಂಟು. ಮೊದಲ ವಿಭಜನೆಯಲ್ಲೇ, ಅಂದರೆ ಸುಮಾರು ಆ 48 ಗಂಟೆಗೆ, ಹಿಡಿಯದಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ಓದುಗರಿಗೆ ಈ ಅವಸರ ಅರ್ಥವಾದರೆ ಉಳಿದದ್ದು ತಾನಾಗಿ ಓದಿಸಿಕೊಂಡು ಹೋಗುತ್ತದೆ.

‘ಎಲ್ಲ ಪರೀಕ್ಷೆಗಳೂ ಒಂದೇ ಹಾನಿಯನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತವೆ’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದೇನೆ. ಹಾಗಲ್ಲ. ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ನೋಡುವುದು ವಿಭಜನೆ ಮುಗಿದ ಮೇಲೆ ಕೋಶಕೇಂದ್ರದ ಹೊರಗುಳಿದ ಚೂರನ್ನು. ಸೈಟೊಕಲಾಸಿನ್-ಬಿ ಎಂಬ ವಸ್ತು ಹಾಕಿದರೆ ಕೋಶಕೇಂದ್ರ ಎರಡಾಗುತ್ತದೆ, ಕೋಶ ಮಾತ್ರ ಒಂದೇ ಉಳಿಯುತ್ತದೆ. ಫೆನೆಕ್ ಮತ್ತು ಮಾರ್ಲಿ 1985ರಲ್ಲಿ ಕೊಟ್ಟ ಉಪಾಯ ಇದು. ಆ ಜೋಡಿಯ ಪಕ್ಕದಲ್ಲಿ ಪುಟ್ಟ ಚುಕ್ಕೆ ಕಂಡರೆ ಅದು ಮುರಿದ ತುಂಡಿರಬಹುದು, ದಾರಿ ತಪ್ಪಿದ ಇಡೀ ವರ್ಣತಂತುವೂ ಇರಬಹುದು. ವಯಸ್ಸಾದಂತೆ ಈ ಚುಕ್ಕೆಗಳು ಜಾಸ್ತಿ. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ, ಅದಕ್ಕೆ ಎಕ್ಸ್ ವರ್ಣತಂತು ಆಗಾಗ ತಪ್ಪಿಸಿಕೊಳ್ಳುವುದು ಒಂದು ಕಾರಣ. ಚುಕ್ಕೆ ಕಂಡ ಕೂಡಲೇ ‘ವಿಷದ ಗುರುತು’ ಅನ್ನಲು ಬರುವುದಿಲ್ಲ, ಅಲ್ವಾ?

ಕಾಮೆಟ್ ಪರೀಕ್ಷೆಯ ಪ್ಯಾರಾ ತೆಗೆದುಬಿಡಿ. ಅದು ಡಿಎನ್‌ಎ ಎಳೆಯ ಬಿರುಕನ್ನು, ಕೋಶದಿಂದ ಬಾಲದ ಹಾಗೆ ಹೊರಬರುವ ಡಿಎನ್‌ಎ ನೋಡಿ, ಅಳೆಯುತ್ತದೆ; ವರ್ಣತಂತುವಿನ ಆಕಾರವನ್ನಲ್ಲ. ಆ ಬಿರುಕುಗಳಲ್ಲಿ ಬಹುಪಾಲನ್ನು ಕೋಶ ಕೆಲವೇ ಗಂಟೆಗಳಲ್ಲಿ ಸರಿಮಾಡಿಕೊಳ್ಳುತ್ತದೆ. ಚಂದದ ವಿಷಯ, ಆದರೆ ಬೇರೆ ಲೇಖನದ್ದು.

ಈಗ ನನಗೆ ನಿಜಕ್ಕೂ ಸಿಟ್ಟು ತಂದ ಭಾಗ. ಕೊನೆಯಲ್ಲಿ ನಿಮ್ಮ ಕಾಲ್ಪನಿಕ ರೋಗಿಗೆ ವರದಿ ಸಿಗುತ್ತದೆ, ‘ಕ್ಯಾನ್ಸರ್ ಖಚಿತ’ ಅಂತ ಬರೆದಿರುತ್ತದೆ. ಇಂಥ ವರದಿ ಈ ಪರೀಕ್ಷೆಯಿಂದ ಬರುವುದಿಲ್ಲ. ವಿಕಿರಣ ತಾಗದವರ ರಕ್ತದಲ್ಲೂ ಸುಮಾರು 1,000 ಕೋಶಕ್ಕೆ ಒಂದು ಡೈಸೆಂಟ್ರಿಕ್ ಸಿಗುತ್ತದೆ. ಅದಕ್ಕೇ 500, 1,000 ಕೋಶ ಕೂತು ಎಣಿಸಬೇಕು. ಎಣಿಸುವವರಿಗೆ ಸ್ಲೈಡ್ ಯಾರದ್ದು ಅಂತ ತಿಳಿಯದಂತೆ ಸಂಕೇತ ಹಾಕಿರುತ್ತಾರೆ. ದೊಡ್ಡ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದಾಗ, ವರ್ಣತಂತು ಹಾನಿ ಜಾಸ್ತಿ ಇದ್ದವರಲ್ಲಿ ಕ್ಯಾನ್ಸರ್ ಜಾಸ್ತಿ ಕಂಡದ್ದು ನಿಜ. ಆದರೆ ಅದು ಗುಂಪಿನ ಲೆಕ್ಕ. ಒಬ್ಬರ ಹಣೆಬರಹವನ್ನು ಅದರಿಂದ ಓದಬೇಡಿ. ಈ ಪರೀಕ್ಷೆ ಒಬ್ಬ ವ್ಯಕ್ತಿಯ ಬಗ್ಗೆ ಚೆನ್ನಾಗಿ ಹೇಳಬಲ್ಲದ್ದು ಬೇರೆ: ಮೈಗೆ ಇತ್ತೀಚೆಗೆ ಎಷ್ಟು ವಿಕಿರಣ ತಾಗಿರಬಹುದು ಎಂಬ ಅಂದಾಜು. ವರ್ಷಗಳು ಕಳೆದರೆ ಡೈಸೆಂಟ್ರಿಕ್‌ಗಳು ಕಡಿಮೆಯಾಗುತ್ತಾ ಹೋಗುತ್ತವೆ. ಹಳೆಯ ಪೆಟ್ಟನ್ನು ಹುಡುಕಲು ವರ್ಣತಂತುಗಳಿಗೆ ಹೊಳೆಯುವ ಬಣ್ಣ ಹಾಕುವ ಫಿಶ್ ವಿಧಾನ ಬೇಕು. ಇದನ್ನು ಎರಡು ಸಾಲಿನಲ್ಲಿ ಹೇಳಿದರೆ ಸಾಕು.

ಭಾಷೆಯ ಬಗ್ಗೆ ಒಂದೇ ಮಾತು. ಒಂದು ಪುಟದಲ್ಲಿ ‘ವರ್ಣತಂತು’, ಮುಂದಿನದರಲ್ಲಿ ‘ಗುಣಸೂತ್ರ’, ಆಮೇಲೆ ‘ಕ್ರೋಮೋಸೋಮ್’. ಓದುಗ ಮೂರು ಬೇರೆ ವಸ್ತು ಅಂದುಕೊಳ್ಳುತ್ತಾನೆ. ಒಂದನ್ನು ಹಿಡಿದು ಕೊನೆವರೆಗೂ ಬಿಡಬೇಡಿ.

ಮೊದಲ ಎರಡು ಪ್ಯಾರಾ ಕಿತ್ತುಹಾಕಿ. ರಕ್ತ ಟ್ಯೂಬಿಗೆ ಬಿದ್ದ ಕ್ಷಣದಿಂದ ಶುರು ಮಾಡಿ, ಗಡಿಯಾರದ ಜೊತೆ ನಡೆಯಿರಿ. ಮತ್ತೆ ಕಳಿಸಿದರೆ ನಾನೇ ಓದುತ್ತೇನೆ. ಹಾಂ, ‘ಡೈಸೆಂಟ್ರಿಕ್’ ಅಂತ ಅಡಿಬರಹ ಹಾಕಿ ಕಳಿಸಿದ ಆ ಚಿತ್ರದಲ್ಲಿ ಕೋಶಕ್ಕೆ ಉದ್ದ ಬಾಲ ಇದೆ. ಅದು ಕಾಮೆಟ್. ಚಿತ್ರ ಬದಲಿಸಿ.

ಇಂತಿ,
ಸಂಪಾದಕ